ಒಂದಕ್ಷರದ ಕಣಿವೆ

ನಮ್ಮ ಅಂಗಡಿ ಎರಡು ಗುಡ್ಡಗಳ ನಡುವೆ, ಮೆಂಗೊ ಇಳಿಜಾರಿನಲ್ಲಿ:
ತಗಡಿನ ಸೂರು, ಎರಡು ಹೊಲಿಗೆ ಯಂತ್ರ, ಇದ್ದಿಲಿನ ಇಸ್ತ್ರಿಪೆಟ್ಟಿಗೆ.
ಬಾಗಿಲಲ್ಲಿ ನಿಂತರೆ ಒಂದು ಕಡೆ ನಮಿರೆಂಬೆ, ಇಟ್ಟಿಗೆ ಕಟ್ಟಡದ ಗುಮ್ಮಟ;
ಇನ್ನೊಂದು ಕಡೆ ರುಬಾಗ, ಜೋಡಿ ಗೋಪುರ.
ಅಲ್ಲಿ ನಗಾರಿ ಕರೆಯುತ್ತದೆ, ಇಲ್ಲಿ ಗಂಟೆ.
ನಡುವೆ ಬೋಡಾ ಬೈಕಿನ ಹುಡುಗರು
ಎರಡನ್ನೂ ಮೀರಿಸಿ ಹಾರ್ನ್ ಒತ್ತುತ್ತಾರೆ.

ಅಪ್ಪನ ಅಕ್ಕ ಯುನಿಯ ಎರಡೂ ಗುಡ್ಡಕ್ಕೆ ಹೊಲಿಯುತ್ತಾಳೆ.
ಹಾಡುವವರ ಬಿಳಿ ನಿಲುವಂಗಿ ಆ ಕಡೆಗೆ,
ಪಾದ್ರಿಯ ಹಸಿರು ಪೂಜಾವಸ್ತ್ರ ಈ ಕಡೆಗೆ.
"ದುಡ್ಡಿಗೆ ಯಾವ ಸಭೆ?" ಅನ್ನುತ್ತಾಳೆ
ಗುಂಡುಸೂಜಿ ಕಚ್ಚಿಕೊಂಡೇ.
ಭಾನುವಾರ ಮಾತ್ರ ನಗಾರಿಗೂ ಮೊದಲೇ ಚಪ್ಪಲಿ ಮೆಟ್ಟಿ
ನನ್ನ ಕಡೆ ನೋಡುತ್ತಾಳೆ.

ನನಗೆ ಹದಿನೇಳು. ಇನ್ನೂ ದೃಢೀಕರಣ ಆಗಿಲ್ಲ.
ಅಪ್ಪ ಎರಿಸ ಆ ಗುಡ್ಡದವನು, ಅಮ್ಮ ಪೆರ್ಪೆತುವ ಈ ಗುಡ್ಡದವಳು.
ಮದುವೆಯ ದಿನ ಎರಡೂ ಕಡೆಯ ಅಜ್ಜಂದಿರು
ಎಲೆ ಮುಂದಿನಿಂದ ಎದ್ದುಹೋದರಂತೆ.
ಅವರ ಅಜ್ಜಂದಿರ ಕಾಲಕ್ಕೆ
ಗುಡ್ಡದಿಂದ ಗುಡ್ಡಕ್ಕೆ ಬಂದೂಕು ಮಾತಾಡಿತ್ತಂತೆ.
ಈಗ ಬಂದೂಕಿಲ್ಲ. ಅತ್ತೆಯರಿದ್ದಾರೆ.

ವ್ಯತ್ಯಾಸವೇನು ಎಂದರೆ ಎಲ್ಲರೂ ದೊಡ್ಡದನ್ನೇ ಹೇಳುತ್ತಾರೆ:
ರೋಮಿನ ಗುರು, ಮಾತೆ ಮರಿಯ, ರೊಟ್ಟಿ ಬರೀ ರೊಟ್ಟಿಯೋ ಅಲ್ಲವೋ.
ನನ್ನ ಕಿವಿಗೆ ಬಿದ್ದದ್ದು ಒಂದೇ ಅಕ್ಷರ.
ಅಪ್ಪನ ಬಾಯಲ್ಲಿ ಯೇಸು. ಅಮ್ಮನ ಬಾಯಲ್ಲಿ ಯೇಜ಼ು.
ಬಟ್ಟೆಯೊಳಗೆ ಹೊಕ್ಕ ಕತ್ತರಿ ಸು ಅನ್ನುತ್ತದೆ,
ತುಳಿದ ಯಂತ್ರ ಜ಼ು.
ಬೆಳಗಿನಿಂದ ಸಂಜೆತನಕ
ನಾನು ಕತ್ತರಿಸುತ್ತೇನೆ, ಹೊಲಿಯುತ್ತೇನೆ.

ನಮುಗೊಂಗೊದಲ್ಲಿ ಹುತಾತ್ಮರನ್ನು ಸುಟ್ಟವರು
ಯಾವ ಅಕ್ಷರ ಎಂದು ಕೇಳಲಿಲ್ಲ.
ಆಮೇಲೆ ನಾವೇ ಎರಡು ಗುಡಿ ಕಟ್ಟಿಕೊಂಡೆವು.

ಅಮ್ಮ ಹೋದ ವರ್ಷ ತಪಸ್ಸುಕಾಲವಿಡೀ ರುಬಾಗಕ್ಕೆ ಹತ್ತಿದೆ.
ಕೊನೆಯ ಬೆಂಚು, ಧೂಪದ ಹೊಗೆ, ಕೈಯಲ್ಲಿ ಅವಳ ಜಪಸರ.
ಒಂದು ಮಣಿ ಉದುರಿದ ಜಾಗಕ್ಕೆ
ಅಂಗಿಯ ಗುಂಡಿ ಪೋಣಿಸಿದ್ದಳು, ನಾಲ್ಕು ತೂತಿನದು.
ಬೆರಳು ಆ ಗುಂಡಿಗೆ ಬಂದಾಗೆಲ್ಲ
ಪ್ರಾರ್ಥನೆ ನಿಂತುಬಿಡುತ್ತಿತ್ತು.
ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಹೋದ ಮೇಲೆ
ಖಾಲಿ ಬೆಂಚಿನಲ್ಲಿ ಒಬ್ಬಳೇ ಕೂತು ತಿಳಿಯಿತು:
ನಾನು ಹುಡುಕಿಕೊಂಡು ಬಂದದ್ದು ಅವನನ್ನಲ್ಲ, ಅವಳನ್ನು.
ಅದು ಪಾಪವಲ್ಲ ಇರಬಹುದು.
ಆದರೆ ಅವಳು ಅಲ್ಲಿರಲಿಲ್ಲ.

ಅಳತೆ ಕೊಡಲು ಬಂದ ಸಿಸ್ಟರ್ ಗೊರೆತಿ ಕೇಳಿದರು,
"ಕೊನೆಗೆ ಯಾವ ಕಡೆ, ಮಗೂ?"
"ಕೈ ಎತ್ತಿ ಸಿಸ್ಟರ್, ಕಂಕುಳ ಸುತ್ತಳತೆ ಬೇಕು."

ಒಂದು ಬುಧವಾರ ನಮಿರೆಂಬೆಗೆ ಗಂಟು ಹೊತ್ತು ಹೋಗಿದ್ದೆ, ಹೊಲಿದ ಬಟ್ಟೆ ಮುಟ್ಟಿಸಲು.
ಬೆಳಗಿನ ಆರಾಧನೆ, ಏಳೇ ಜನ.
ಮುದಿ ಉಪದೇಶಿಯ ಕೈ ನಡುಗುತ್ತಿತ್ತು.
ಬಟ್ಟಲು ಸಾಲಿನುದ್ದ ಬಂತು:
ಇದ್ದಿಲು ಮಾರುವ ನಂಟೆಜ಼ ಕುಡಿದಳು,
ಅವಳ ತುಟಿ ತಾಗಿದ್ದನ್ನು ಒರೆಸಿ ಕೊಟ್ಟರೆ
ಜಡ್ಜ್ ಸಾಹೇಬರು ಕುಡಿದರು.
ಒರೆಸಿದ ವಸ್ತ್ರದ ಅಂಚು ನನ್ನ ಹೊಲಿಗೆ, ಒಂದು ಮೂಲೆ ಸೊಟ್ಟ.
ಕಂಬದ ಹಿಂದೆ ನಿಂತಿದ್ದ ನನಗೆ ಆಗ
ಯಾರ ನೆನಪೂ ಇರಲಿಲ್ಲ.
ಬಾಯಾರಿಕೆ ಮಾತ್ರ.

ಅಪ್ಪನಿಗೆ ಹೇಳಿದೆ. ಹಿಗ್ಗುತ್ತಾನೆಂದುಕೊಂಡಿದ್ದೆ.
ಮತೋಕೆ ಸುಲಿಯುತ್ತಿದ್ದವನು ಚಾಕು ಕೆಳಗಿಟ್ಟು,
"ಅಮ್ಮನಿಗೆ ಹೇಳಿದೆಯಾ?" ಅಂದ.
ಸಮಾಧಿಗೆ ಹೋದೆ. ಹುಲ್ಲು ಬೆಳೆದಿತ್ತು, ಕಿತ್ತೆ.
ಹೇಳಿದೆನೋ ಇಲ್ಲವೋ ಈಗ ಸರಿಯಾಗಿ ನೆನಪಿಲ್ಲ.

ಬಿಳಿ ಉಡುಪು ನಾನೇ ಹೊಲಿದೆ.
ಮುಂದೆ ಬಿಚ್ಚಲು ಬೇಕಾದೀತೆಂದು
ಒಳಗೆ ಎರಡಿಂಚು ಮಡಿಸಿಟ್ಟೆ.
ಜಪಸರ ಜೇಬಿನಲ್ಲಿತ್ತು; ಯುನಿಯತ್ತೆ ಕಂಡಳು, ಕಾಣದಂತೆ ಇದ್ದಳು.
ಬಿಷಪ್ಪರ ಕೈ ತಲೆಯ ಮೇಲೆ ಭಾರವಾಗಿತ್ತು, ಬೆಚ್ಚಗಿತ್ತು.
ಬಟ್ಟಲು ಬಂತು. ಕಹಿ, ಸಿಹಿ, ಲೋಹದ ತಣ್ಣನೆ ಅಂಚು.
ಆಮೆನ್ ಅನ್ನುವ ಮೊದಲೇ
ಬಾಯಿಂದ ಜಾರಿದ್ದು ಯೇಜ಼ು.

ಪಕ್ಕದ ಹುಡುಗಿ ತಿರುಗಿ ನೋಡಿದಳು.