ಹಿಲ್ಲಾ ಕುಡಿದದ್ದು

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ವೆನ್ಲಾಳ ಕಾಯಿದೆ ಅಂಟಿದೆ.
ಒಂಬತ್ತು ವರ್ಷದ ಕೈಬರಹ, ಕೆಂಪು ಶಾಯಿ:
ಹಿಲ್ಲಾಗೆ ಕಾಫಿ ಕೊಡತಕ್ಕದ್ದಲ್ಲ,
ಅಪ್ಪ ಕೊಡು ಅಂದರೂ ಕೊಡತಕ್ಕದ್ದಲ್ಲ.
ಕೋಕೋ ಬೇಡ. ಹಾಲು ಬೇಡ
(ಹೋದ ಜೂನಿನಲ್ಲಿ ಕಂಬಳಿ ಒಗೆದವಳು ಅಮ್ಮ).
ಸಕ್ಕರೆಯಿಲ್ಲದ ಶರಬತ್ತು ಬೇಡವೇ ಬೇಡ,
ಅದರ ಬರ್ಚ್ ಮರದ ಸಿಹಿ ನಮ್ಮ ಹಲ್ಲಿಗೆ ಒಳ್ಳೆಯದು,
ಅವಳ ಜೀವಕ್ಕಲ್ಲ.
ಸೌನಾ ಮುಗಿಸಿ ಕೂತವರು ಬಿಯರಿನ ಬೆರಳು ನೆಕ್ಕಿಸಕೂಡದು.
ಕೊನೆಗೆ, ಕೆಳಗೆ ಎರಡು ಗೆರೆ ಎಳೆದು:
ನೀರು.
ಚಳಿಗೆ ಉಗುರುಬೆಚ್ಚಗೆ. ಬೇಕಿದ್ದರೆ ಮೀನು ಬೆಂದ ತಿಳಿ,
ಉಪ್ಪು ಈರುಳ್ಳಿ ಬಿದ್ದಿರದಿದ್ದರೆ.

ಒಂದು ಮಾತ್ರ ಅದರಲ್ಲಿರಲಿಲ್ಲ.
ಅದನ್ನು ಬರೆಸಬೇಕಿದ್ದವನು ನಾನು.

ಫೆಬ್ರವರಿ. ಕೆಮಿಯಾರ್ವಿ. ಸೊನ್ನೆಗೂ ಇಪ್ಪತ್ತೆಂಟು ಕೆಳಗೆ.
ರೌಟಿಯೊನ ಸ್ನೋಮೊಬೈಲಿನ ಹೊಟ್ಟೆ ಬಿಚ್ಚಿ,
ಹಳೆಯ ಕೂಲಂಟು ತಟ್ಟೆಗೆ ಸೋರಲು ಬಿಟ್ಟು,
ಫೋನು ಹೊಡೆದುಕೊಂಡಿತೆಂದು ಒಳಗೆ ಹೋದೆ.
ಬಂದಾಗ ತಟ್ಟೆ ತೊಳೆದಿಟ್ಟಷ್ಟು ಸ್ವಚ್ಛ.
ಹಿಮದ ಮೇಲೆ ಹಸಿರು ಹೆಜ್ಜೆ, ಎಣಿಸಿದೆ, ಏಳು.
ಏಳನೆಯದರ ತುದಿಗೆ ಅವಳು,
ಬೀಗರೂಟ ಉಂಡವಳ ಹಾಗೆ ಬಾಲ ಆಡಿಸುತ್ತ.

ಎಂಜಿನ್ನು ಹೆಪ್ಪುಗಟ್ಟದಿರಲೆಂದು ಸುರಿಯುವ ದ್ರವ.
ಅದಕ್ಕೇಕೆ ಸಿಹಿ ಬೇಕಿತ್ತೋ.

ನಲವತ್ತು ಕಿಲೋಮೀಟರು. ಹಿಂದಿನ ಸೀಟಿನಲ್ಲಿ ವೆನ್ಲಾ,
ಅವಳ ತೊಡೆಯ ಮೇಲೆ ತಲೆ,
ಆಸ್ಪತ್ರೆ ಮುಟ್ಟುವಾಗ
ಹಿಂಗಾಲುಗಳು ಮುಂಗಾಲುಗಳ ಮಾತು ಕೇಳುತ್ತಿರಲಿಲ್ಲ.
ಓನಾ ಲಾಂಪಿನೆನ್ ಕಣ್ಣರೆಪ್ಪೆ ಮೇಲೆತ್ತಿ ನೋಡಿ,
ಗಡಿಯಾರ ನೋಡಿ, ನನ್ನನ್ನು ನೋಡಿ ಅಂದಳು:
ಸರಿಯಾದ ಮದ್ದು ರೊವಾನಿಯೆಮಿಯಲ್ಲಿದೆ, ರಸ್ತೆ ಮುಚ್ಚಿದೆ.
ನನ್ನ ಸ್ಪಿರಿಟ್ಟು ಹೋದ ವಾರ ಮುಗಿಯಿತು.
ತೌನೋ, ನಿನ್ನ ಹತ್ತಿರ ವೊಡ್ಕಾ ಇದೆಯಾ?

ಬಿಟ್ಟು ಎರಡು ವರ್ಷವಾಯಿತು ಎಂದು
ಎಲ್ಲರಿಗೂ ಹೇಳಿಕೊಂಡಿದ್ದೆ.
ಊರಿಗೆಲ್ಲ ಗೊತ್ತಿತ್ತು. ವೆನ್ಲಾಗೆ ಗೊತ್ತಿತ್ತು.
ಹೊರಗೆ ಹೋಗಿ, ಡಿಕ್ಕಿ ತೆರೆದು, ಸ್ಟೆಪ್ನಿ ಎತ್ತಿ,
ಅದರಡಿಯ ಎಣ್ಣೆಬಟ್ಟೆ ಬಿಚ್ಚಿ
ತಂದು ಮೇಜಿನ ಮೇಲೆ ಇಟ್ಟೆ.
ಅರ್ಧಕ್ಕಿಂತ ತುಸು ಹೆಚ್ಚಿತ್ತು.
ಮಗಳು ಬಾಟಲಿ ನೋಡಿದಳು.
ಆಮೇಲೆ ನಾಯಿಯನ್ನು ನೋಡಿದಳು.

ಎರಡೂ ವಿಷವೇ ಅಂದಳು ಓನಾ, ಸೂಜಿಗೆ ಅಳತೆ ಎಳೆಯುತ್ತ,
ಲವಣದ ನೀರಿಗೆ ಬೆರೆಸುತ್ತ, ನಾಯಿಯ ತೂಕ ಗುಣಿಸುತ್ತ.
ಲಿವರಿನ ಬಾಗಿಲಲ್ಲಿ ಇರುವವನು ಒಬ್ಬನೇ ಗುಮಾಸ್ತ.
ಅವನು ವೊಡ್ಕಾದ ಕಡತ ಹಿಡಿದು ಕೂತರೆ
ಹಸಿರಿನದು ಸರದಿಯಲ್ಲಿ ನಿಂತು ನಿಂತು ಬೇಸತ್ತು
ಮೂತ್ರದ ದಾರಿ ಹಿಡಿಯುತ್ತದೆ, ಮೂತ್ರಪಿಂಡ ಮುಟ್ಟದೆ ಅಂತಲ್ಲ,
ಕೊಲ್ಲದೆ.
ಅವನನ್ನು ಬಿಡುವಾಗಲು ಬಿಡಬಾರದು, ಅಷ್ಟೆ.
ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬೇಡಿ.

ಎರಡು ರಾತ್ರಿ.
ಹನಿ ಹನಿಯಾಗಿ ಇಳಿಯಿತು ನನ್ನ ಗುಟ್ಟು ಅವಳ ಮುಂಗಾಲಿಗೆ.
ಅವಳು ತೊದಲಿದಳು, ನರಳಿದಳು, ನಿದ್ದೆಯಲ್ಲಿ ಓಡಿದಳು,
ಗೋಡೆಗೆ ಬೊಗಳಿದಳು ಒಮ್ಮೆ.
ಹೊರಗಿನಿಂದ ನನ್ನನ್ನು ನಾನು ಹೀಗೆ ನೋಡಿರಲಿಲ್ಲ.

ಮೂರನೆಯ ಬೆಳಗು, ಹನ್ನೊಂದಕ್ಕೆ ಬೆಳಕು ಮಂಕಾಗಿ ನಿಂತಾಗ
ಓನಾ ಸ್ಟೀಲಿನ ಬಟ್ಟಲಲ್ಲಿ ನೀರಿಟ್ಟಳು.
ಹಿಲ್ಲಾ ಮೂಸಿದಳು. ನಾವು ಮೂವರೂ ಉಸಿರಾಡಲಿಲ್ಲ.
ಆಮೇಲೆ ಆ ಸದ್ದು,
ಲೊಚ, ಲೊಚ, ಲೊಚ,
ಬಟ್ಟಲ ತಳ ಕಾಣುವವರೆಗೆ.

ಮನೆಗೆ ಬಂದು ವೆನ್ಲಾ ಪೆನ್ನು ಹುಡುಕಿದಳು.
ಎಥಿಲೀನ್ ಗ್ಲೈಕಾಲ್, ಅಕ್ಷರ ಅಕ್ಷರ ಹೇಳಿಕೊಟ್ಟೆ.
ಅದರ ಕೆಳಗೆ, ಕೇಳದೆ, ತಾನೇ ಬರೆದಳು:
ವೊಡ್ಕಾ, ಓನಾ ಕೊಟ್ಟರೆ ಮಾತ್ರ.
ಯಾರಿಗೆ ಎಂದು ಬರೆದಿಲ್ಲ.

ಬಾಟಲಿಯಲ್ಲಿ ಮೂರು ಬೆರಳಷ್ಟು ಉಳಿದಿದೆ, ಅವಳ ಕಪಾಟಿನಲ್ಲಿ.
ತಟ್ಟೆ ಈಗ ಅಟ್ಟದ ಮೇಲೆ, ಮುಚ್ಚಳ ಹಾಕಿ.
ಹಿಲ್ಲಾ ದಿನಾ ಬಂದು ಅದು ಇದ್ದ ಜಾಗ ಮೂಸುತ್ತಾಳೆ.
ನಾನೂ ಸ್ಟೆಪ್ನಿ ಎತ್ತಿ ನೋಡುತ್ತೇನೆ, ಒಮ್ಮೊಮ್ಮೆ.