ಪಿಹ್ಲಯದ ಕೆಂಪು

ಐಲಾ ಬಂದದ್ದು ನವೆಂಬರಿನ ಮೂರನೆಯ ಮಂಗಳವಾರ.
ಇವಾಲೊ ಊರಿಗೆ ಸೂರ್ಯ
ಇನ್ನು ಹತ್ತು ಹದಿನೈದು ದಿನದ ನೆಂಟ.
ಬಾಗಿಲಲ್ಲಿ ಬೂಟು ಕೊಡವಿ, ಉಣ್ಣೆಯ ಟೋಪಿ ಕಳಚಿ
"ಬಣ್ಣ ಹಾಕು" ಅಂದಳು,
ಗಾಡಿಗೆ ಡೀಸೆಲ್ ಹಾಕು ಅನ್ನುವ ಹಾಗೆ.

ಮೂವತ್ತೊಂದು ವರ್ಷದಿಂದ ಈ ಊರಿನ ತಲೆಗಳನ್ನು ಬಲ್ಲೆ ನಾನು.
ಯಾರ ಸುಳಿ ಎಡಕ್ಕೆ, ಯಾರ ನೆತ್ತಿ ತೆಳು,
ಮೊದಲ ನರೆಗೂದಲು ಕಂಡು ಯಾರು ಅತ್ತರು,
ಯಾರು ಅದನ್ನು ಕಿತ್ತು ಪರ್ಸಿನಲ್ಲಿಟ್ಟುಕೊಂಡರು, ಎಲ್ಲ ಗೊತ್ತು.
ಐಲಾಳ ತಲೆಗೆ ಮಾತ್ರ ಕತ್ತರಿ ಬಿಟ್ಟು ಬೇರೇನೂ ಸೋಕಿರಲಿಲ್ಲ.
ಐವತ್ತಕ್ಕೇ ನೆರೆತವಳು, ಹಾಲಿನ ಕೆನೆಯ ಬಿಳಿ.
"ದಿನಾ ಹಿಮ ಗೋರುವವಳು, ಹಿಮಕ್ಕೆ ನಾಚಲೇನು?"
ಎಂದು ಕೇಳುತ್ತಿದ್ದವಳು.

ಬಣ್ಣದ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟೆ.
ಪುಟಪುಟಕ್ಕೂ ಸಣ್ಣ ಸಣ್ಣ ಕೂದಲ ಕುಚ್ಚು,
ಯಾವುದೋ ಗೊಂಬೆಗಳ ಜಡೆ ಕದ್ದು ಅಂಟಿಸಿದಂತೆ.
ದಪ್ಪ ಬೆರಳಲ್ಲಿ ಒಂದೊಂದನ್ನೂ ಸವರಿದಳು.
ಕಾಫಿ ಕಂದು: "ಇದು ಶಾಲೆಯ ಹೆಡ್‌ಮಿಸ್ಟ್ರೆಸ್‌ದು."
ಜೇನು: "ನನ್ನ ತಂಗಿ ಪಿರ್ಕೊದು, ಮೂರು ಮದುವೆಯಾಯಿತು ಇದರಲ್ಲಿ."
ನೀಲಿಗಪ್ಪು: "ಹೊರಗೆ ಎರಡು ತಿಂಗಳು ಇದೇ ಅಲ್ಲವೇ,
ದುಡ್ಡು ಯಾಕೆ ಕೊಡಲಿ?"
ಬೂದಿಬಣ್ಣ ಬಂದಾಗ ಮಾತಿಲ್ಲದೆ ಪುಟ ಮಗುಚಿದಳು.

ಬೆರಳು ನಿಂತದ್ದು ಆರು ಪಾಯಿಂಟ್ ಆರು ಆರರಲ್ಲಿ.
ಕೆಂಪು. ಲಾರಿಯ ಹಿಂದೀಪದ ಕೆಂಪು.

"ಇದಾ?" ಅಂದೆ. "ಮಾರ್ಚಿನವರೆಗೂ ಟೋಪಿಯೊಳಗಿರುವ ತಲೆ.
ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವವಳು ನೀನು.
ಯಾರು ನೋಡಬೇಕು ಇದನ್ನ?"

"ಕಿಟಕಿಯಾಚೆ ನೋಡು."
ಅಂಗಡಿಯೆದುರಿನ ಪಿಹ್ಲಯ ಮರ.
ಈ ಹೊತ್ತಿಗೆ ಗೊಂಚಲು ಗೊಂಚಲು ಕೆಂಪು ಹಣ್ಣು,
ಹಕ್ಕಿಗಳ ಗಲಾಟೆ ಇರಬೇಕಿತ್ತು.
ಈ ಸಲ ಒಂದು ಕಾಯೂ ಕಚ್ಚಿಲ್ಲ.
"ಪಿಹ್ಲಯ ಎರಡು ಹೊರೆ ಹೊರುವುದಿಲ್ಲ,
ಅಜ್ಜಿಯರು ಹೇಳುತ್ತಿದ್ದರಲ್ಲ.
ಹಣ್ಣು ಹೊತ್ತ ವರ್ಷ ಹಿಮ ಹೊರದು.
ಈಗ ಮರ ಬರಿಗೈ. ಅಂದರೆ ಸುರಿಯುತ್ತದೆ, ಎದೆಮಟ್ಟ.
ಗೋರುವವಳು ನಾನು.
ಹಣ್ಣನ್ನು ಯಾರಾದರೂ ಹೊರಬೇಕಲ್ಲ?
ಕೊಡು, ನಾನೇ ಹೊರುತ್ತೇನೆ."

ನಕ್ಕಳು. ನಾನೂ ನಕ್ಕೆ.
ಕೈಗವಸು ತೊಟ್ಟು ಬಟ್ಟಲಲ್ಲಿ ಬಣ್ಣ ಕಲಸಿದೆ.
ಕಿವಿಯ ಹಿಂದೆ ಕುಂಚ ಇಡುವಾಗ ಕಂಡಿತು:
ಎಡಗಿವಿಗೆ ಅಂಚಿಲ್ಲ. ಇಲಿ ಕಚ್ಚಿದ ರೊಟ್ಟಿ.

ಹೋದ ಫೆಬ್ರವರಿಯದು.
ನಾಲ್ಕನೇ ಹೆದ್ದಾರಿಯಲ್ಲಿ ಗಾಡಿ ಹಳ್ಳಕ್ಕೆ ಜಾರಿ,
ಗಾಳಿ ಟೋಪಿ ಹಾರಿಸಿ,
ಇವಳು ರಸ್ತೆಯ ಬದಿಗೆ ಮೊಣಕಾಲೂರಿ ಕೂತಿದ್ದಾಗ
ಹುಡುಕುವವರ ದೀಪ ಎರಡು ಸಲ
ಇವಳ ತಲೆಯ ಮೇಲೆಯೇ ಹಾದುಹೋಯಿತಂತೆ.
ಬಿಳಿಯ ಮೇಲೆ ಬಿಳಿ.
ಮೂರನೆಯ ಸಲ ನಾಯಿ ಬೊಗಳಿತು.

ಅವಳು ಹೇಳಿದ್ದಲ್ಲ ಇದು, ಊರು ಹೇಳಿದ್ದು.
ನಾನೂ ಕೇಳಲಿಲ್ಲ.
ಅಜ್ಜಿಯರ ಗಾದೆಯನ್ನೇ ನಂಬಿದವಳ ಹಾಗೆ
ಕಿವಿಯ ಸುತ್ತ ಇನ್ನೊಂದು ಪದರ ಹೆಚ್ಚಿಗೆ ಬಳಿದೆ.

ಗಾದೆ ಸುಳ್ಳಾಗಲಿಲ್ಲ. ಹರಕೆ ಫಲಿಸಲಿಲ್ಲ.
ಅಂಚೆಪೆಟ್ಟಿಗೆಗಳು ಮುಳುಗುವಷ್ಟು ಬಿತ್ತು ಹಿಮ.
ಬೆಳಗಿನ ನಾಲ್ಕಕ್ಕೆ ಗೋರುಗಾಡಿಯ ಹಳದಿ ಬೆಳಕು
ನನ್ನ ಮಲಗುವ ಕೋಣೆಯ ಗೋಡೆ ಸುತ್ತಿ ಹೋಗುತ್ತಿತ್ತು.
ಹೋಯಿತು ಎಂದು ಗೊತ್ತಾದ ಮೇಲೆ ಮಗ್ಗುಲಾಗುತ್ತಿದ್ದೆ.

ಜನವರಿಯ ಕೊನೆಗೆ ಮತ್ತೆ ಬಂದಳು. ಟೋಪಿ ಕಳಚಿದಳು.
ಕೆಂಪು ಕೆಂಪಾಗಿಯೇ ಇತ್ತು,
ಬುಡದಲ್ಲಿ ಮಾತ್ರ ಎರಡು ಬೆರಳು ಬಿಳಿ.
"ಇಲ್ಲೂ ಬಿತ್ತಾ?" ಅಂದಳು ಕನ್ನಡಿಗೆ.

ಬಾಚಣಿಗೆಯ ತುದಿಯಿಂದ ನಡುನೆತ್ತಿಗೆ ಬೈತಲೆ ತೆಗೆದೆ,
ಉದ್ದಕ್ಕೆ, ನೇರಕ್ಕೆ, ಉತ್ತರದ ರಸ್ತೆಯಂತೆ.
ಕುಂಚ ಅದ್ದಿದೆ.
ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು:
"ಅಂಚು ಬಿಡಬೇಡ.
ಅಂಚಿನಲ್ಲೇ ಜನ ಕಾಣೆಯಾಗುವುದು."