ಓರೆಗೆರೆ

ಗುತ್ತಲು ರಸ್ತೆ, ಹಿಟ್ಟಿನ ಗಿರಣಿಯ ಮಹಡಿ.
ಕೆಳಗೆ ಬೆಲ್ಟು ತಿರುಗಿದರೆ ನನ್ನ ಮೇಜೂ ನಡುಗುತ್ತದೆ,
ಕೀಬೋರ್ಡಿನ ಸಂದಿಗಳಲ್ಲಿ ಯಾರದೋ ಮನೆಯ ರಾಗಿ.
ಇಲ್ಲಿ ಕೂತು ನಾನು ದಾರಿಗಳಿಗೆ ಹೆಸರಿಡುತ್ತೇನೆ.

ಕಬ್ಬು ತೂಗುವ ವೇಬ್ರಿಡ್ಜಿನ ಲೆಕ್ಕವನ್ನು
ಇನ್ನೊಬ್ಬರ ಕಂಪ್ಯೂಟರು ಹೇಗೆ ಕೇಳಬೇಕು,
ನಮ್ಮದು ಹೇಗೆ ಕೊಡಬೇಕು, ಆ ಎಪಿಐ ಕಂಪನಿಯದು;
ಅದರ ಕೈಪಿಡಿ ನನ್ನದು. ನೂರಾ ನಲವತ್ತು ಪುಟ,
ಒಂದೊಂದಕ್ಕೂ ಒಂದು ವಿಳಾಸ.

ವೈಟ್‌ಬೋರ್ಡಿನ ಮೇಲೆ ಎರಡು ವಾರದ ಜಗಳ:
ಭಾಷೆ ಮೊದಲೋ, ಆವೃತ್ತಿ ಮೊದಲೋ?
ಆವೃತ್ತಿ ಅಂದರೆ ಅಂಗಿ, ಅನ್ನುತ್ತಾಳೆ ನೌಶೀನ್,
ಮೈಗಿಂತ ಮುಂದೆ ಅಂಗಿ ನಡೆಯುತ್ತಾ?
ವಿ-ಎರಡು ತಲೆಬಾಗಿಲಲ್ಲೇ ಇರಲಿ, ಅನ್ನುತ್ತಾನೆ ಲೋಹಿತಾಶ್ವ,
ಇಲ್ಲದಿದ್ದರೆ ಹಳೇ ಮನೆಗೆ ಹೊಸ ನೆಂಟರು ನುಗ್ಗುತ್ತಾರೆ.
‘ತೂಕ’ವೋ, ‘ತೂಕಗಳು’ ಅಂತಲೋ?
ಏಕವಚನದಲ್ಲಿ ಕರೆದರೆಂದು
ಕೈ ಕೈ ಮಿಲಾಯಿಸಿದವರಿದ್ದಾರೆ ನಮ್ಮೂರಲ್ಲಿ;
ನಮ್ಮದು ಬಹುವಚನಕ್ಕೆ.

ಬರೆದೆ, ಒರೆಸಿದೆ, ಮತ್ತೆ ಬರೆದೆ:
/ತೂಕ/ಲಾರಿ/ಖಾಲಿ
/ತೂಕ/ಲಾರಿ/ತುಂಬಿದ್ದು
/ತೂಕ/ಎತ್ತಿನಗಾಡಿ
ಗಾಡಿ ಲಾರಿಯ ಕೆಳಗೆ ಬರುವುದಿಲ್ಲ, ಪಕ್ಕಕ್ಕೆ ಬರುತ್ತದೆ.
ಸೋಗೆ, ಮಣ್ಣು ಅಂತ ಮುರಿದುಕೊಳ್ಳುವ ಕಡಿತ ಎಲ್ಲಿ?
ಅದು ತೂಕದ ಮಗುವೋ, ಬಿಲ್ಲಿನ ಮಗುವೋ?
ಎರಡು ಮನೆಯವರೂ ಬೇಡವೆಂದರು.
ಮೂರು ಮೆಟ್ಟಿಲಿಗಿಂತ ಆಳ ಇಳಿಯಬಾರದು, ನನ್ನದೇ ಕಾನೂನು;
ನಾಲ್ಕನೆಯದಕ್ಕೆ ನಾನೇ ಕಾಲಿಟ್ಟೆ.

ಗುರುವಾರ ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು.
ಹಿಟ್ಟಿಗೆ ಕಾಯುತ್ತಿದ್ದ ಪುಟ್ಟಮಾದಯ್ಯ
ನೀರು ಕೇಳಲು ಮೆಟ್ಟಿಲು ಹತ್ತಿ ಬಂದರು,
ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವರು.
ಚೊಂಬು ಹಿಡಿದು ಬೋರ್ಡಿನ ಮುಂದೆ ನಿಂತರು.
“ಯಾವೂರ್ ಸರ್ವೆ ನಂಬ್ರು ಕಣವ್ವ ಇದು,
ಇಷ್ಟೊಂದು ಓರೆಗೆರೆ?”

“ಎಂಬತ್ನಾಕು ಅಂತ ಒಂದಿತ್ತು ಅನ್ನು. ಅಪ್ಪ ಹೋದ.
ಎಂಬತ್ನಾಕು ಬೈ ಒಂದು, ಬೈ ಎರಡು.
ಆಮೇಲ್ ಮಕ್ಳು ಕಿತ್ತಾಡುದ್ರು, ಬೈ ಎರಡು ಅ, ಬೈ ಎರಡು ಆ.
ಒಂದೊಂದ್ ಗೆರೇನೂ ಒಂದೊಂದ್ ಪಾಲು.
ಸುಮ್ಕೆ ಎಳೀಬಾರ್ದು ಕಣವ್ವ.”

ಹಳೆಯವನ್ನೆಲ್ಲ ನಾಳೆ ಅಳಿಸುತ್ತೇವೆ, ಅಂದೆ.
ಅವರು ನಿಧಾನಕ್ಕೆ ನೀರು ಕುಡಿದು ಮುಗಿಸಿದರು.
“ಅಳ್ಸಿ. ಬಂಡಿದಾರಿ ಏನ್ಮಾಡ್ತೀರಿ?”

ಹೊಲ ಯಾರ ಹೆಸರಿಗಾದರೂ ಆಗಲಿ,
ನಕಾಶೆಯಲ್ಲಿ ಬಂಡಿದಾರಿ ಚುಕ್ಕಿ ಚುಕ್ಕಿಯಾಗಿ ಹಾಗೇ ಇರುತ್ತದಂತೆ.
ಅದರ ಮೇಲೆ ಉತ್ತವರುಂಟು, ಬೇಲಿ ಬಿಗಿದವರುಂಟು;
ಸರಪಳಿ ಹೋದ ದಿನ
ಮಣ್ಣೊಳಗಿನ ಕಲ್ಲು ಎದ್ದು ಸಾಕ್ಷಿ ಹೇಳುತ್ತಿತ್ತಂತೆ.

ನನಗೆ ನೆನಪಾದದ್ದು ಕೆಸ್ತೂರಿನ ಆಪರೇಟರು ಬೋರಲಿಂಗ.
ಮುಖ ನೋಡಿಲ್ಲ, ಫೋನಿನ ದನಿ ಅಷ್ಟೆ.
ನಮ್ಮ ಹಳೇ ಪುಟದ ವಿಳಾಸವನ್ನು ಬಾಲ್‌ಪೆನ್ನಿನಲ್ಲಿ
ತೂಕದ ಕೋಣೆಯ ಗೋಡೆಗೇ ಬರೆದುಕೊಂಡಿದ್ದಾನೆ,
ಸುಣ್ಣ ಹೊಡೆಸುವಾಗಲೂ ಅಷ್ಟು ಜಾಗ ಬಿಡಿಸಿದನಂತೆ.
ಹೊರಗೆ ಹದಿನೆಂಟು ಲಾರಿ ಹಾರನ್ನು ಹೊಡೆಯುವಾಗ
ಅವನ ಪರದೆಯ ಮೇಲೆ ‘ಪುಟ ಸಿಗಲಿಲ್ಲ’.
ಇಲ್ಲಿ ನಾವು ಅದನ್ನು ಶುಚಿ ಮಾಡುವುದು ಅನ್ನುತ್ತಿದ್ದೆವು.

ಕರೆಂಟು ಬಂತು. ಕೆಳಗೆ ರಾಗಿ ಮತ್ತೆ ಗುಡುಗಿತು.
ರಾತ್ರಿ ಒಂಬತ್ತರವರೆಗೆ ಕೂತು
ಒಂದೊಂದು ಹಳೇ ದಾರಿಯ ಬಾಯಲ್ಲೂ
ಹೊಸದರ ಕಡೆಗೆ ಕೈಮರ ನೆಟ್ಟೆ:
ಮುನ್ನೂರ ಒಂದು, ಶಾಶ್ವತವಾಗಿ ಸ್ಥಳಾಂತರ.
ಶಾಶ್ವತ ಅನ್ನುವಲ್ಲಿ ಬೆರಳು ತಡೆಯಿತು.
ಸರ್ವರಿನ ಬಾಡಿಗೆ ಮಾರ್ಚಿಗೆ ಮುಗಿಯುತ್ತದೆ.

‘ಕಡಿತ’ ಇನ್ನೂ ಬೋರ್ಡಿನ ಮೂಲೆಯಲ್ಲಿ ಅನಾಥ.
ತೂಕವೋ ತೂಕಗಳೋ, ಸೋಮವಾರಕ್ಕೆ.
ಚೊಂಬು ಕೊಡಲು ಅವರು ಯಾವಾಗ ಮತ್ತೆ ಹತ್ತಿ ಬಂದರೋ,
ನಾನು ಫೋನಿನಲ್ಲಿದ್ದಿರಬೇಕು.
ಬೆಳಿಗ್ಗೆ ನೋಡುತ್ತೇನೆ, ಹಳೇ ವಿಳಾಸಗಳ ಪಕ್ಕದಲ್ಲಿ
ಹಿಟ್ಟಿನ ಬೆರಳು ಒತ್ತಿದ ಎರಡು ಸಾಲು ಚುಕ್ಕಿ,
ಬೋರ್ಡಿನ ಅಂಚಿಗೆ ಬಂದು ಅಲ್ಲೂ ನಿಲ್ಲದೆ
ಗೋಡೆಗೆ ದಾಟಿದ್ದವು.